ಎಲ್ಕ್ ಬೇಟೆ: ಬಾಣದ ತೂಕ, ಗುರಿಯ ದೂರ

ಅಮೆರಿಕದ ರಾಕಿ ಪರ್ವತಶ್ರೇಣಿಯ ಎಲ್ಕ್ ಭಾರೀ ಗಾತ್ರದ ಜಿಂಕೆ. ಗಂಡು ಸುಮಾರು 300 ಕಿಲೋ ತೂಗುತ್ತದೆ. ರಾಟೆ, ಗುರಿಸಾಧನಗಳಿಲ್ಲದ ಸಾಂಪ್ರದಾಯಿಕ ಬಿಲ್ಲಿನಿಂದ ಇದನ್ನು ಬೇಟೆಯಾಡುವವರಿಗೆ ಬಾಣದ ವೇಗಕ್ಕಿಂತ ತೂಕ ಮುಖ್ಯ. ಬಿಲ್ಲಿನ ಪ್ರತಿ ಪೌಂಡ್ ಸೆಳೆತಕ್ಕೆ ಸುಮಾರು 10 ಗ್ರೇನ್ ಎಂಬುದು ರೂಢಿಯ ಲೆಕ್ಕ. ಅಂದರೆ 50 ಪೌಂಡ್ ಬಿಲ್ಲಿಗೆ 500 ಗ್ರೇನ್, ಸುಮಾರು 32 ಗ್ರಾಂ. ಬಾಣದ ಬಿಗಿತವೂ ಬಿಲ್ಲಿಗೆ ಹೊಂದಬೇಕು. ಇಲ್ಲವಾದರೆ ಅದು ಓಲಾಡುತ್ತ ಸಾಗಿ ಬಲಗುಂದುತ್ತದೆ.

ಬಾಣ ಕೊಲ್ಲುವುದು ಹೊಡೆತದಿಂದಲ್ಲ, ರಕ್ತಸ್ರಾವದಿಂದ. ಆದುದರಿಂದ ಅಲಗು ಕ್ಷೌರದ ಕತ್ತಿಯಷ್ಟು ಹರಿತವಾಗಿರಬೇಕು, ಶ್ವಾಸಕೋಶವೇ ಗುರಿಯಾಗಬೇಕು.

ಅಭ್ಯಾಸವನ್ನು 10 ಗಜದಿಂದ ಆರಂಭಿಸಿ 30 ಗಜದವರೆಗೆ ವಿಸ್ತರಿಸಬಹುದು. ಆದರೆ ಬೇಟೆಯಲ್ಲಿ 20 ಗಜ, ಅಂದರೆ 18 ಮೀಟರ್, ಹಲವರ ಮಿತಿ. ಬಿಲ್ಲಿನ ಸದ್ದು ಬಾಣಕ್ಕಿಂತ ಸುಮಾರು ಆರು ಪಟ್ಟು ವೇಗವಾಗಿ ಸಾಗುತ್ತದೆ. ದೂರ ಹೆಚ್ಚಿದಷ್ಟೂ ಪ್ರಾಣಿ ಕದಲಿ, ಗಾಯಗೊಂಡು ಕಾಡಿನಲ್ಲಿ ನರಳುವ ಸಂಭವ ಹೆಚ್ಚು.

ದಿನದ ಮೊದಲ ಬಾಣವೇ ನಿಜವಾದ ಪರೀಕ್ಷೆ. ಬೇಟೆಯಲ್ಲಿ ಎರಡನೆಯದಕ್ಕೆ ಅವಕಾಶ ಅಪರೂಪ.