ಆಟೋಇಮ್ಯೂನ್ ಕಾಯಿಲೆಗಳಲ್ಲಿ ವಂಶದ ಪಾಲು

1947ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಅಮೆರಿಕದ ಯುವ ಸಂಸದರೊಬ್ಬರು ಲಂಡನ್ನಿನಲ್ಲಿ ಹಾಸಿಗೆ ಹಿಡಿದರು. ವಯಸ್ಸು 30. ವಿಪರೀತ ನಿಶ್ಶಕ್ತಿ, ಇಳಿದುಹೋದ ರಕ್ತದೊತ್ತಡ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗುವ ಅಡಿಸನ್ ಕಾಯಿಲೆ ಇದು ಎಂದು ಅಲ್ಲಿನ ವೈದ್ಯರು ಹೇಳಿದರು. ಆ ಸಂಸದರೇ ಮುಂದೆ ಅಧ್ಯಕ್ಷರಾದ ಜಾನ್ ಎಫ್. ಕೆನಡಿ. 1955ರ ಹೊತ್ತಿಗೆ ಅವರ ಥೈರಾಯ್ಡ್ ಗ್ರಂಥಿಯೂ ಮಂದವಾಗಿರುವುದು ಗೊತ್ತಾಯಿತು. ತಂಗಿ ಯೂನಿಸ್ ಅವರಿಗೂ ಅಡಿಸನ್ ಕಾಯಿಲೆ ಇತ್ತು. ಮಗ ಜಾನ್‌ಗೆ ಥೈರಾಯ್ಡ್ ಮಿತಿಮೀರಿ ದುಡಿಯುವ ಗ್ರೇವ್ಸ್ ಕಾಯಿಲೆ ಇತ್ತೆಂದು ವರದಿಗಳಿವೆ. 2009ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಲೀ ಮ್ಯಾಂಡೆಲ್ ಅವರು ಕೆನಡಿಯವರ ವೈದ್ಯಕೀಯ ಕಡತಗಳನ್ನು ಪರಿಶೀಲಿಸಿ, ಇದು ಒಂದಕ್ಕಿಂತ ಹೆಚ್ಚು ಗ್ರಂಥಿಗಳ ಮೇಲೆ ದೇಹವೇ ದಾಳಿ ಮಾಡುವ ಆಟೋಇಮ್ಯೂನ್ ತೊಂದರೆ ಎಂಬ ತೀರ್ಮಾನಕ್ಕೆ ಬಂದರು.

ಮನೆ ಒಂದು, ಕಾಯಿಲೆಯವರು ಮೂವರು, ಕಾಯಿಲೆಯ ಹೆಸರುಗಳು ಬೇರೆ ಬೇರೆ. ಆಟೋಇಮ್ಯೂನ್ ಕಾಯಿಲೆಗಳು ಒಂದು ವಂಶದಲ್ಲಿ ಕಾಣಿಸಿಕೊಳ್ಳುವ ರೀತಿ ಹೆಚ್ಚಾಗಿ ಹೀಗೆಯೇ. ಅಜ್ಜಿಗಿದ್ದ ಕಾಯಿಲೆಯೇ ಮೊಮ್ಮಗಳಿಗೆ ಬರಬೇಕೆಂದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬರುವುದು ಕಾಯಿಲೆಯಲ್ಲ, ಕಾಯಿಲೆಯತ್ತ ವಾಲುವ ಗುಣ.

ರೋಗಾಣುಗಳನ್ನು ಗುರುತಿಸಿ ಕೊಲ್ಲಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಜೀವಕೋಶಗಳನ್ನು ಶತ್ರುಗಳೆಂದು ತಿಳಿದು ಹಾಳುಮಾಡಿದಾಗ ಬರುವ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆಗಳು ಎಂದು ಹೆಸರು. ಇಂಥವು 80ಕ್ಕೂ ಹೆಚ್ಚಿವೆ. ದಾಳಿ ಥೈರಾಯ್ಡ್ ಮೇಲಾದರೆ ಹಾಶಿಮೊಟೊ ಅಥವಾ ಗ್ರೇವ್ಸ್, ಇನ್ಸುಲಿನ್ ತಯಾರಿಸುವ ಕೋಶಗಳ ಮೇಲಾದರೆ ಟೈಪ್ 1 ಸಕ್ಕರೆ ಕಾಯಿಲೆ, ಕೀಲುಗಳ ಮೇಲಾದರೆ ರುಮಟಾಯ್ಡ್ ಸಂಧಿವಾತ, ಚರ್ಮದ ಬಣ್ಣದ ಕೋಶಗಳ ಮೇಲಾದರೆ ತೊನ್ನು. ಲೂಪಸ್ ಚರ್ಮ, ಕೀಲು, ಮೂತ್ರಪಿಂಡ ಯಾವುದನ್ನೂ ಬಿಡುವುದಿಲ್ಲ. ಬ್ರಿಟನ್ನಿನ 2.2 ಕೋಟಿ ಜನರ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನ ಇಂಥ 19 ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. 10 ಜನರಲ್ಲಿ ಒಬ್ಬರಿಗೆ ಅವುಗಳಲ್ಲಿ ಒಂದಾದರೂ ಇತ್ತು.

ದೇಹ ತನ್ನ ಮೇಲೆ ತಾನೇ ತಿರುಗಿಬೀಳಬಹುದು ಎಂಬುದನ್ನು ವೈದ್ಯಲೋಕ ಬಹುಕಾಲ ಒಪ್ಪಿರಲಿಲ್ಲ. 1956ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ನೋಯಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಅವರು ಮೊಲಗಳಿಗೆ ಮೊಲದ್ದೇ ಥೈರಾಯ್ಡ್ ಸಾರವನ್ನು ಚುಚ್ಚಿದಾಗ, ಮೊಲಗಳ ದೇಹ ತನ್ನದೇ ಥೈರಾಯ್ಡನ್ನು ಹಾಳುಮಾಡಿಕೊಂಡಿತು. ಅದೇ ವರ್ಷ ಲಂಡನ್ನಿನ ಡೆಬೊರಾ ಡೋನಿಯಾಕ್, ಐವನ್ ರಾಯಿಟ್ ಮತ್ತು ಪೀಟರ್ ಕ್ಯಾಂಪ್‌ಬೆಲ್ ಅವರು ಹಾಶಿಮೊಟೊ ಕಾಯಿಲೆಯವರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಕಂಡರು. ರೋಗಿಗಳ ಅಕ್ಕತಂಗಿಯರ, ಮಕ್ಕಳ ರಕ್ತದಲ್ಲೂ, ಅವರು ಆರೋಗ್ಯವಾಗಿದ್ದಾಗಲೇ, ಇಂಥ ಪ್ರತಿಕಾಯಗಳು ಸಿಗತೊಡಗಿದ ಮೇಲೆ ವಂಶದ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ.

ವಂಶದ ಪಾಲು ಎಷ್ಟೆಂದು ಅಳೆಯಲು ಸಿಕ್ಕ ಒಳ್ಳೆಯ ಅಳತೆಗೋಲು ಅವಳಿಗಳು. ಒಂದೇ ಭ್ರೂಣ ಒಡೆದು ಹುಟ್ಟಿದ ತದ್ರೂಪಿ ಅವಳಿಗಳ ಜೀನುಗಳು ಒಂದೇ. ಎಲ್ಲವೂ ಜೀನಿನಲ್ಲೇ ಇದ್ದಿದ್ದರೆ ಒಬ್ಬರಿಗೆ ಬಂದ ಕಾಯಿಲೆ ಇನ್ನೊಬ್ಬರಿಗೂ ಬರಲೇಬೇಕು. ಹಾಗಾಗುವುದಿಲ್ಲ. ಲೂಪಸ್‌ನಲ್ಲಿ ಎರಡನೆಯವರಿಗೂ ಬರುವುದು ಸುಮಾರು ನಾಲ್ಕರಲ್ಲಿ ಒಂದು ಜೋಡಿಗೆ. ರುಮಟಾಯ್ಡ್ ಸಂಧಿವಾತದಲ್ಲಿ ಶೇಕಡ 15ರಷ್ಟು. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಶೇಕಡ 30ರಿಂದ 50. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಈ ಸಂಖ್ಯೆಗಳು ತೀರಾ ಇಳಿಯುತ್ತವೆ, ಲೂಪಸ್‌ನಲ್ಲಂತೂ ಶೇಕಡ 2ರ ಆಸುಪಾಸಿಗೆ. ಜೀನುಗಳ ಕೈ ದೊಡ್ಡದು, ಆದರೆ ಕಾಯಿಲೆ ತರಿಸಲು ಅವಷ್ಟೇ ಸಾಲವು ಎಂಬ ಎರಡೂ ಮಾತು ಈ ಲೆಕ್ಕದಲ್ಲಿವೆ.

ಈ ಜೀನುಗಳ ಮುಖ್ಯ ಠಾಣೆ ಆರನೇ ವರ್ಣತಂತುವಿನಲ್ಲಿದೆ. ಎಚ್‌ಎಲ್‌ಎ ಎಂಬ ಜೀನುಗಳ ಗುಂಪು ಅದು. ಎಚ್‌ಎಲ್‌ಎ ಅಣುವಿನ ತುದಿಯಲ್ಲಿ ಬೊಗಸೆಯಂಥ ಒಂದು ತಗ್ಗು ಇರುತ್ತದೆ. ಜೀವಕೋಶ ತನ್ನೊಳಗಿನ ಪ್ರೊಟೀನಿನ ಸಣ್ಣ ತುಣುಕನ್ನು ಆ ಬೊಗಸೆಯಲ್ಲಿಟ್ಟು ಹೊರಗೆ ಹಿಡಿಯುತ್ತದೆ. ಗಸ್ತು ತಿರುಗುವ ಟಿ ಕೋಶ ಎಂಬ ಬಿಳಿ ರಕ್ತಕಣ ಅದನ್ನು ಮುಟ್ಟಿ ನೋಡಿ, ನಮ್ಮದೋ ಪರಕೀಯವೋ ಎಂದು ತೀರ್ಮಾನಿಸುತ್ತದೆ. ಬೊಗಸೆಯ ಆಕಾರ ಒಬ್ಬೊಬ್ಬರದು ಒಂದೊಂದು ಬಗೆ. ಕೆಲವು ಆಕಾರಗಳಲ್ಲಿ ಕೆಲವು ತುಣುಕುಗಳು ಹೆಚ್ಚು ಬಿಗಿಯಾಗಿ ಕೂರುತ್ತವೆ. ದೇಹದ್ದೇ ತುಣುಕೊಂದು ತಪ್ಪು ಹೊತ್ತಿನಲ್ಲಿ, ತಪ್ಪು ರೀತಿಯಲ್ಲಿ ಕಂಡರೆ ದಾಳಿ ಶುರುವಾಗಬಹುದು.

ಎಚ್‌ಎಲ್‌ಎ ಗುಂಪು ತಂದೆಯಿಂದ ಒಂದು ಕಟ್ಟು, ತಾಯಿಯಿಂದ ಒಂದು ಕಟ್ಟು ಎಂಬಂತೆ ಇಡಿಯಾಗಿ ಬರುತ್ತದೆ. ಹಾಗಾಗಿ ಒಡಹುಟ್ಟಿದ ಇಬ್ಬರಿಗೆ ಎರಡೂ ಕಟ್ಟುಗಳು ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು, ಒಂದೂ ಹೊಂದದಿರುವ ಸಂಭವವೂ ನಾಲ್ಕರಲ್ಲಿ ಒಂದು. ಒಬ್ಬ ಅಣ್ಣನಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದ್ದಾಗ ತಂಗಿಗೂ ತಮ್ಮನಿಗೂ ಅಪಾಯ ಒಂದೇ ಸಮ ಇರದಿರುವುದಕ್ಕೆ ಇದೂ ಒಂದು ಕಾರಣ.

1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ಬೆನ್ನುಮೂಳೆ ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ರೋಗಿಗಳಲ್ಲಿ ಬಿ27 ಎಂಬ ಎಚ್‌ಎಲ್‌ಎ ಬಗೆಯನ್ನು ಗುರುತಿಸಿದವು. ಯುರೋಪ್ ಮೂಲದ ರೋಗಿಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿಗೆ ಅದು ಇತ್ತು. ವೈದ್ಯಶಾಸ್ತ್ರದಲ್ಲಿ ಒಂದು ಜೀನಿಗೂ ಒಂದು ಸಾಮಾನ್ಯ ಕಾಯಿಲೆಗೂ ಇಷ್ಟು ಗಟ್ಟಿ ನಂಟು ಸಿಕ್ಕಿದ್ದು ವಿರಳ. ಲೆಕ್ಕವನ್ನು ತಿರುಗಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ: ಬಿ27 ಇರುವ 100 ಜನರಲ್ಲಿ ಕಾಯಿಲೆ ಬರುವುದು ಬೆರಳೆಣಿಕೆಯಷ್ಟು ಮಂದಿಗೆ. ರಕ್ತಪರೀಕ್ಷೆಯಲ್ಲಿ ಬಿ27 ಇದೆ ಎಂದು ಬಂದ ಕೂಡಲೇ ಕಂಗಾಲಾಗುವವರಿಗೆ ಈ ಎರಡನೇ ಲೆಕ್ಕವನ್ನು ಮೊದಲು ಹೇಳಬೇಕು.

ಇಷ್ಟು ಕಾಟ ಕೊಡುವ ಜೀನುಗಳು ಅಳಿದುಹೋಗದೆ ಉಳಿದದ್ದೇಕೆ? 2024ರ ಜನವರಿಯಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು ಈ ಪ್ರಶ್ನೆಯ ಬೆನ್ನು ಹತ್ತಿತು. ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಉತ್ತರ ಯುರೋಪಿನಲ್ಲಿ ಹೆಚ್ಚು. ಅದರ ಅಪಾಯ ಹೆಚ್ಚಿಸುವ ಜೀನುಗಳು ಸುಮಾರು 5000 ವರ್ಷಗಳ ಹಿಂದೆ ಹುಲ್ಲುಗಾವಲುಗಳಿಂದ ಪಶ್ಚಿಮಕ್ಕೆ ಬಂದ ಯಾಮ್ನಾಯ ಪಶುಪಾಲಕರೊಂದಿಗೆ ಬಂದವು ಎಂದು ಸಂಶೋಧಕರು ತೋರಿಸಿದರು. ದನಕುರಿಗಳ ಜೊತೆ ಬದುಕುತ್ತಿದ್ದ ಆ ಜನರನ್ನು ಸೋಂಕುಗಳಿಂದ ಕಾಪಾಡಿದ ಜೀನುಗಳೇ ಇವಿರಬೇಕು ಎಂಬುದು ಅವರ ವಿವರಣೆ.

ಎಚ್‌ಎಲ್‌ಎ ಒಂದೇ ಅಲ್ಲ. ಉಳಿದ ವರ್ಣತಂತುಗಳಲ್ಲಿ ಚದುರಿದ ನೂರಾರು ಸಣ್ಣ ವ್ಯತ್ಯಾಸಗಳು ಅಪಾಯವನ್ನು ಚೂರುಚೂರು ಏರಿಸುತ್ತವೆ, ಇಳಿಸುತ್ತವೆ. 2004ರಲ್ಲಿ ಪಿಟಿಪಿಎನ್22 ಎಂಬ ಜೀನಿನ ಒಂದು ರೂಪ ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಿರುವುದು ಕಂಡಿತು. ಬೆನ್ನಲ್ಲೇ ರುಮಟಾಯ್ಡ್ ಸಂಧಿವಾತದಲ್ಲಿ, ಲೂಪಸ್‌ನಲ್ಲಿ, ಥೈರಾಯ್ಡ್ ಕಾಯಿಲೆಗಳಲ್ಲಿ, ತೊನ್ನಿನಲ್ಲಿ ಕೂಡ ಅದೇ ರೂಪ ಕಾಣಿಸಿತು. ಕೆನಡಿ ಮನೆಯಂಥ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ ಏಕೆ ಎಂಬುದು ಇಂಥ ಜೀನುಗಳಿಂದ ಸ್ಪಷ್ಟವಾಗುತ್ತದೆ. ಆದರೆ ಯುರೋಪಿನವರಲ್ಲಿ ಸಾಮಾನ್ಯವಾದ ಈ ರೂಪ ಏಷ್ಯಾದವರಲ್ಲಿ ಬಹಳ ಅಪರೂಪ. ಅಲ್ಲಿನ ಅಂಕಿಗಳನ್ನು ಭಾರತದ ಮನೆಗಳಿಗೆ ಹಾಗೆಯೇ ಅಂಟಿಸುವುದು ಸರಿಯಲ್ಲ.

ಕರ್ನಾಟಕದ ಮನೆಗಳಲ್ಲಿ ಈ ವಿಚಾರ ತೊಡಕಾಗುವ ಒಂದು ಹೊತ್ತಿದೆ: ಹೆಣ್ಣು ನೋಡುವ ಶಾಸ್ತ್ರ. ಅಮ್ಮ ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಅದನ್ನು ಯಾರೂ ಕಾಯಿಲೆ ಎಂದೇ ಎಣಿಸುವುದಿಲ್ಲ. ದೊಡ್ಡಮ್ಮನಿಗೆ ಬೆಳಗಿನ ಒಂದು ತಾಸು ಬೆರಳು ಮಡಚಲಾಗದು, ಒದ್ದೆ ಬಟ್ಟೆ ಹಿಂಡಲಾಗದು. ಅದು ಕೀಲುನೋವು, ವಯಸ್ಸಾಯಿತಲ್ಲ ಎಂದಾಗುತ್ತದೆ. ಅತ್ತೆಯ ಮೊಣಕೈ ಮೇಲಿನ ಬಿಳಿ ಮಚ್ಚೆ ಮಾತ್ರ ತುಂಬುತೋಳಿನ ರವಿಕೆಯೊಳಗೆ ಅಡಗುತ್ತದೆ. ಮೂರಕ್ಕೂ ಬೇರು ಹತ್ತಿರಹತ್ತಿರದ್ದೇ ಆಗಿರಬಹುದು. ತೊನ್ನು ಅಂಟುವ ಕಾಯಿಲೆಯಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ‘ಅವರ ಮನೇಲಿ ತೊನ್ನಿದೆಯಂತೆ’ ಎಂಬ ಒಂದು ಪಿಸುಮಾತಿಗೆ ಸಂಬಂಧಗಳು ಮುರಿದು ಬೀಳುತ್ತವೆ. ಹೀಗೆ ಮುಚ್ಚಿಟ್ಟದ್ದು ವೈದ್ಯರ ಮುಂದೆಯೂ ಮುಚ್ಚಿಕೊಂಡೇ ಇರುತ್ತದೆ, ನಷ್ಟವಾಗುವುದು ಮುಂದಿನ ತಲೆಮಾರಿಗೆ. ವೈದ್ಯರೂ ‘ಇದೇ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದೆಯಾ’ ಎಂದಷ್ಟೇ ಕೇಳಿದರೆ ಸಾಲದು. ಥೈರಾಯ್ಡ್, ತೊನ್ನು, ಕೀಲುಬಾವು, ಸೋರಿಯಾಸಿಸ್, ಚಿಕ್ಕ ವಯಸ್ಸಿನ ಸಕ್ಕರೆ ಕಾಯಿಲೆ ಎಲ್ಲವನ್ನೂ ಹೆಸರು ಹಿಡಿದು ಕೇಳಬೇಕು.

ಒಂದೇ ಸೂರಿನಡಿ ಇದ್ದವರಿಗೆ ಬಂದದ್ದೆಲ್ಲ ವಂಶದ್ದಾಗಿರಬೇಕಿಲ್ಲ. ಅಮೆರಿಕದ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರ ಪತ್ನಿ ಬಾರ್ಬರಾಗೆ 1989ರಲ್ಲಿ ಗ್ರೇವ್ಸ್ ಕಾಯಿಲೆ ಪತ್ತೆಯಾಯಿತು. 1991ರಲ್ಲಿ ಅಧ್ಯಕ್ಷರಿಗೂ ಅದೇ. ಅವರ ನಾಯಿ ಮಿಲ್ಲಿಗೆ ಲೂಪಸ್. ಗಂಡಹೆಂಡಿರಿಗೆ ರಕ್ತಸಂಬಂಧವಿಲ್ಲದ ಕಾರಣ, ಅವರು ವಾಸವಿದ್ದ ಮನೆಗಳ ನೀರನ್ನೆಲ್ಲ ಅಯೋಡಿನ್, ಲಿಥಿಯಂಗಾಗಿ ಪರೀಕ್ಷಿಸಲಾಯಿತು. ಕಾರಣ ಸಿಗಲಿಲ್ಲ. ಕಾಕತಾಳೀಯ ಎಂದೇ ಹೆಚ್ಚಿನವರು ಒಪ್ಪಿದರು. ಕೆನಡಾದಲ್ಲಿ ಜಾರ್ಜ್ ಎಬರ್ಸ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ಕೇಳಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಗೆ ದತ್ತು ಬಂದವರಿಗೆ ಕಾಯಿಲೆ ಹೆಚ್ಚೇ? 1995ರಲ್ಲಿ ಅವರು ಕೊಟ್ಟ ಉತ್ತರ: ಇಲ್ಲ, ಊರಿನ ಉಳಿದವರಿಗಿರುವಷ್ಟೇ.

ಹಾಗಾದರೆ ಜೀನಿಗೆ ಜೊತೆಯಾಗುವ ಹೊರಗಿನ ಕಾರಣ ಯಾವುದು? ಇದಕ್ಕೆ ಭಾರತದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಗೋಧಿಯ ಗ್ಲುಟನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಬರಬೇಕಾದರೆ ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಇರಲೇಬೇಕು ಎನ್ನುವಷ್ಟು ಆ ನಂಟು ಗಟ್ಟಿ. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ ವಯಸ್ಕರನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಜೀನುಗಳು ಮೂರೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಇದ್ದವು. ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಕಂಡದ್ದು ಮಾತ್ರ ಉತ್ತರದಲ್ಲಿ 1000ಕ್ಕೆ ಸುಮಾರು 12 ಮಂದಿಗೆ, ದಕ್ಷಿಣದಲ್ಲಿ 1000ಕ್ಕೆ ಸುಮಾರು ಒಬ್ಬರಿಗೆ. ಉತ್ತರದವರು ಹೆಚ್ಚಾಗಿ ಗೋಧಿ ರೊಟ್ಟಿ ತಿನ್ನುವವರು, ದಕ್ಷಿಣದ ಊಟದಲ್ಲಿ ಗೋಧಿ ಅತಿ ಕಡಿಮೆ. ಅನ್ನದಲ್ಲಾಗಲಿ, ಮುದ್ದೆಯ ರಾಗಿಯಲ್ಲಾಗಲಿ, ಜೋಳದ ರೊಟ್ಟಿಯಲ್ಲಾಗಲಿ ಗ್ಲುಟನ್ ಇಲ್ಲ. ಜೀನು ಇದ್ದೂ ಕಿಡಿ ತಾಗದ ಜನ ಇವರು.

ಫಿನ್ಲೆಂಡಿನ ಗಡಿಯಲ್ಲೂ ಇಂಥದ್ದೇ ಕಂಡಿದೆ. ಟೈಪ್ 1 ಸಕ್ಕರೆ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶ ಅದು. ಗಡಿಯಾಚೆಗಿನ ರಷ್ಯಾದ ಕರೇಲಿಯಾದಲ್ಲಿ, ಜೀನುಗಳು ಬಹುಮಟ್ಟಿಗೆ ಅವೇ ಇದ್ದರೂ, ಕಾಯಿಲೆ ಆರರಲ್ಲಿ ಒಂದು ಪಾಲು. ರುಮಟಾಯ್ಡ್ ಸಂಧಿವಾತದಲ್ಲಿ ಕಿಡಿ ಹಚ್ಚುವವುಗಳಲ್ಲಿ ಬೀಡಿ ಸಿಗರೇಟಿನ ಹೊಗೆ ಮುಖ್ಯ. ಅಪಾಯದ ಎಚ್‌ಎಲ್‌ಎ ಇದ್ದವರು ಸೇದಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಸೋಂಕು ಅಪಾಯವನ್ನು 32 ಪಟ್ಟು ಹೆಚ್ಚಿಸುತ್ತದೆಂದು ಅಮೆರಿಕದ ಸೈನಿಕರ ಮೇಲಿನ ಅಧ್ಯಯನ 2022ರಲ್ಲಿ ತೋರಿಸಿತು.

ಒಂದೇ ಜೀನು ಕೆಟ್ಟು ಬರುವ ಆಟೋಇಮ್ಯೂನ್ ಕಾಯಿಲೆಗಳೂ ಇವೆ, ಬಹಳ ವಿರಳ. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ ಟಿ ಕೋಶಗಳ ತರಬೇತಿ ಶಾಲೆ. ದೇಹದ ನಾನಾ ಅಂಗಗಳ ಪ್ರೊಟೀನುಗಳನ್ನು ಅಲ್ಲಿ ತೋರಿಸಿ, ಅವುಗಳ ಮೇಲೆ ಎರಗುವ ಕೋಶಗಳನ್ನು ತೆಗೆದುಹಾಕುವ ಕೆಲಸದಲ್ಲಿ ಏರ್ ಎಂಬ ಜೀನು ಮುಖ್ಯ. 1997ರಲ್ಲಿ ಪತ್ತೆಯಾದ ಈ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಬಾಲ್ಯದಲ್ಲೇ ಗ್ರಂಥಿಗಳು ಒಂದೊಂದಾಗಿ ಸೋಲುತ್ತವೆ. ಹತ್ತಿರದ ರಕ್ತಸಂಬಂಧದ ಮದುವೆ ನಿಜವಾಗಿ ಲೆಕ್ಕಕ್ಕೆ ಬರುವುದು ಇಂಥ ಕಡೆ. ದಕ್ಷಿಣ ಕರ್ನಾಟಕದಲ್ಲಿ ರೂಢಿಯಲ್ಲಿರುವ ಸೋದರಮಾವನ ಮದುವೆಯಲ್ಲಿ ಹುಟ್ಟುವ ಮಗುವಿನ ಜೀನುಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತದೆ. ಇನ್ನೊಂದು ಜೀನು ಫಾಕ್ಸ್‌ಪಿ3. ದಾಳಿಗೆ ಲಗಾಮು ಹಾಕುವ ಟಿ ಕೋಶಗಳು ಇದನ್ನು ನೆಚ್ಚಿವೆ. ಈ ಕೋಶಗಳನ್ನೂ ಜೀನನ್ನೂ ಕುರಿತ ಸಂಶೋಧನೆಗೆ 2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಾಗುಚಿ ಅವರಿಗೆ ಸಂದಿತು.

ಆಟೋಇಮ್ಯೂನ್ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಹೆಂಗಸರು. ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಸುಮ್ಮನಿರಿಸುವ ಎಕ್ಸ್‌ಇಸ್ಟ್ ಎಂಬ ಆರ್‌ಎನ್‌ಎ ಕೂಡ ಇದಕ್ಕೆ ಕಾರಣವಿರಬಹುದೆಂದು 2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಇಲಿಗಳಲ್ಲಿ ತೋರಿಸಿದೆ. ತಾಯಿಯಿಂದ ಮಗುವಿಗೆ ಜೀನಿನ ಹಂಗಿಲ್ಲದೆ ದಾಟುವ ತೊಂದರೆಯೂ ಒಂದಿದೆ. ತಾಯಿಯ ರಕ್ತದಲ್ಲಿ ‘ರೋ’ ಪ್ರತಿಕಾಯ ಇದ್ದರೆ ಅದು ಮಾಸಿನ ಮೂಲಕ ಮಗುವನ್ನು ಸೇರಿ, 100ರಲ್ಲಿ ಸುಮಾರು 2 ಶಿಶುಗಳ ಹೃದಯ ಬಡಿತದ ತಂತುಗಳನ್ನು ಕೆಡಿಸುತ್ತದೆ. ಲೂಪಸ್ ಇರುವ ಗರ್ಭಿಣಿಯರಿಗೆ ಈ ಪರೀಕ್ಷೆ ತಪ್ಪಬಾರದು.

ಮನೆಯವರು ಕೇಳುವ ಪ್ರಶ್ನೆ ಒಂದೇ: ಮಗುವಿಗೂ ಬರುತ್ತದೆಯೇ? ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಟೈಪ್ 1 ಸಕ್ಕರೆ ಕಾಯಿಲೆ ಜನಸಾಮಾನ್ಯರಲ್ಲಿ 1000ಕ್ಕೆ 4. ತಂದೆಗಿದ್ದರೆ ಮಕ್ಕಳಲ್ಲಿ 100ಕ್ಕೆ ಸುಮಾರು 6, ತಾಯಿಗಿದ್ದರೆ 100ಕ್ಕೆ 2ರಿಂದ 3. ಹೊಸದಾಗಿ ಈ ಕಾಯಿಲೆ ಬಂದ 10 ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಮನೆಯಲ್ಲಿ ಹಿಂದೆ ಯಾರಿಗೂ ಅದು ಇರುವುದಿಲ್ಲ. ಸೀಲಿಯಾಕ್ ಆದರೆ ರೋಗಿಯ ಹೆತ್ತವರು, ಮಕ್ಕಳು, ಒಡಹುಟ್ಟಿದವರಲ್ಲಿ 100ಕ್ಕೆ ಏಳೆಂಟು ಮಂದಿಗೆ ಇರುತ್ತದೆ, ಆದ್ದರಿಂದ ಅವರೆಲ್ಲ ರಕ್ತ ತೋರಿಸಿಕೊಳ್ಳುವುದು ಒಳ್ಳೆಯದು.

ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಹೀಗೆ ಮೊದಲೇ ತೋರಿಸಿಕೊಂಡದ್ದರಿಂದ ಒಂದು ಔಷಧವೂ ಬಂದಿದೆ. ಕೆವನ್ ಹೆರಾಲ್ಡ್ ನೇತೃತ್ವದಲ್ಲಿ 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿದ್ದವರು 76 ಮಂದಿ, ಎಲ್ಲರೂ ಟೈಪ್ 1 ರೋಗಿಗಳ ಸಂಬಂಧಿಕರು, ಹೆಚ್ಚಿನವರು ಮಕ್ಕಳು. ಯಾರಿಗೂ ಇನ್ನೂ ಕಾಯಿಲೆಯ ಲಕ್ಷಣಗಳಿರಲಿಲ್ಲ, ಆದರೆ ರಕ್ತದಲ್ಲಿ ಪ್ರತಿಕಾಯಗಳು ಆಗಲೇ ಇದ್ದವು. ಟೆಪ್ಲಿಜುಮ್ಯಾಬ್ ಎಂಬ ಔಷಧವನ್ನು 14 ದಿನ ನರಕ್ಕೆ ಕೊಟ್ಟ ಗುಂಪಿನಲ್ಲಿ ಕಾಯಿಲೆ ಬರಲು ಹಿಡಿದ ಮಧ್ಯಮ ಅವಧಿ 4 ವರ್ಷ, ಕೊಡದ ಗುಂಪಿನಲ್ಲಿ 2 ವರ್ಷ. 2022ರ ನವೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. 8 ವರ್ಷದ ಮಗುವೊಂದು ಸೂಜಿ, ಇನ್ಸುಲಿನ್ ಇಲ್ಲದೆ ಇನ್ನೆರಡು ವರ್ಷ ಶಾಲೆಗೆ ಹೋಗಿಬರುವಷ್ಟು ಕಾಲ ಅದು.