ರದ್ದಿಗೆ ಹಾಕಬಾರದ ರಿಜಿಸ್ಟರ್

ನಮ್ಮ ಕೊಪ್ಪಳ ಭಾಗದ ಪದವೀಧರರ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಳೆಯವರದಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬಳ್ಳಾರಿಯದು, ಈಗ ಕೊಪ್ಪಳದ್ದೇ. ಜಿಲ್ಲೆಯೂ 1997ರವರೆಗೆ ರಾಯಚೂರೇ ಆಗಿತ್ತು.

ಮುದ್ರೆ ಬದಲಾದರೂ ಕಾಲೇಜಿನ ಗ್ರಂಥಾಲಯ ಕಾಲೇಜಿನಲ್ಲೇ ಉಳಿಯಿತು. ಯಾವ ಪುಸ್ತಕ ಯಾವ ವರ್ಷ ಬಂತು, ಯಾರು ಒಯ್ದರು ಎಂಬುದು ಅಲ್ಲಿನ ರಿಜಿಸ್ಟರುಗಳಲ್ಲಿ ಸೇರುತ್ತಾ ಹೋಯಿತು.

ಪುಸ್ತಕ ಇರುವುದು ಬಳಕೆಗೆ ಎಂಬುದೇ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು. ಈಗ ನ್ಯಾಕ್ ಮೌಲ್ಯಮಾಪನದಲ್ಲೂ ಗ್ರಂಥಾಲಯಕ್ಕೆ ದಿನಕ್ಕೆ ಎಷ್ಟು ಮಂದಿ ಬರುತ್ತಾರೆ, ಪುಸ್ತಕಕ್ಕೆ ವರ್ಷಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಬಾಗಿಲ ಬಳಿಯ ಸಹಿ ಬಂದವರ ಲೆಕ್ಕ ಕೊಡುತ್ತದೆ, ಓದಿದ್ದರ ಲೆಕ್ಕ ಕೊಡುವುದಿಲ್ಲ.

ಪುಸ್ತಕ ಕೊಳ್ಳಲಾಗದ ಮನೆಯ ಹುಡುಗಿ ಒಂದೇ ಪಠ್ಯವನ್ನು ಪರೀಕ್ಷೆಯವರೆಗೂ ಮತ್ತೆ ಮತ್ತೆ ಬರೆಸಿಕೊಂಡು ಒಯ್ದರೆ, ಅದು ಕಾಣುವುದು ವಿತರಣೆಯ ಪುಟದಲ್ಲಿ. ಗ್ರಂಥಾಲಯದಿಂದ ಕಾಲೇಜಿಗೆ ಏನು ಲಾಭ ಎಂಬ ಪ್ರಶ್ನೆಗೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಕಾಲೇಜುಗಳಲ್ಲಿ ಒಂದು ಮನವಿ: ಕಂಪ್ಯೂಟರ್ ಬಂತೆಂದು ಹಳೆಯ ರಿಜಿಸ್ಟರ್‌ಗಳನ್ನು ರದ್ದಿಗೆ ಹಾಕಬೇಡಿ. ನಮ್ಮ ಜಿಲ್ಲೆ ಏನು ಓದಿ ಬೆಳೆಯಿತು ಎಂಬುದು ಅವುಗಳಲ್ಲಿದೆ.