ಅಮೋನಿಯಾದ ಘಾಟು



ಕಲಾಯಿಗಾರನು ಕಾದ ಪಾತ್ರೆಗೆ ನವಸಾಗರದ ಪುಡಿಯನ್ನು ಎರಚಿದೊಡನೆ ಬಿಳಿಯ ಹೊಗೆಯೆದ್ದು ಮೂಗಿಗೆ ಬಡಿಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅದೇ ನವಸಾಗರವನ್ನು ಸುಣ್ಣದೊಡನೆ ಕಾಯಿಸಿದರೆ ಹೊರಡುವ ಅನಿಲವೇ ಅಮೋನಿಯಾ. ನಮಗೆ ಮಂಜುಗಡ್ಡೆಯನ್ನು ಸುಲಭವಾಗಿ ಒದಗಿಸಿಕೊಟ್ಟುದು ಈ ಘಾಟಿನ ಅನಿಲವೇ.

ಹಿಂದೆ ಮಂಜುಗಡ್ಡೆ ಹಡಗೇರಿ ಬರುತ್ತಿದ್ದಿತು. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರನು ಬಾಸ್ಟನ್ನಿನಿಂದ ಕಳುಹಿದ ಗಡ್ಡೆಗಳು ಕಲ್ಕತ್ತೆಯನ್ನು ಮುಟ್ಟಿದವು. ಅದನ್ನು ಕೂಡಿಡಲು ಮದರಾಸಿನ ಕಡಲತೀರದಲ್ಲಿ ಕಟ್ಟಿದ ಮನೆ ಇಂದಿಗೂ ನಿಂತಿದೆ. 1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆಯೂ, 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲಿಂಡೆಯೂ ಅಮೋನಿಯಾದ ಶೈತ್ಯಯಂತ್ರಗಳನ್ನು ರೂಪಿಸಿದ ಮೇಲೆ ಆ ವ್ಯಾಪಾರ ಕುಂದಿತು. ದ್ರವ ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಸೆಂಟಿಗ್ರೇಡ್ ಕೆಳಗೇ ಕುದಿಯುವುದು. ಕುದಿಯುವಾಗ ಸುತ್ತಲಿನ ಶಾಖವನ್ನು ಹೀರುವುದು. ಒತ್ತಿ ತಣಿಸಿದರೆ ಮತ್ತೆ ದ್ರವವಾಗುವುದು. ಕಾರವಾರ, ಮಲ್ಪೆ, ಮಂಗಳೂರುಗಳ ಮೀನು ಕೆಡದೆ ಘಟ್ಟವನ್ನೇರಿ ಹಳಿಯಾಳ, ದಾಂಡೇಲಿಗಳ ಕಡೆಗೆ ಬರುವುದು ಇಂತಹ ಮಂಜುಗಡ್ಡೆಯ ಬಲದಿಂದಲೇ.

ಆದರೆ ಈ ಅನಿಲಕ್ಕೆ ನೀರೆಂದರೆ ಮಹಾ ದಾಹ. ಕಣ್ಣು, ಗಂಟಲು, ಶ್ವಾಸಕೋಶಗಳ ತೇವವನ್ನು ಸೇರಿ ಅದು ತೀಕ್ಷ್ಣ ಕ್ಷಾರವಾಗಿ ಸುಡುವುದು. ಹವೆಯ ಹತ್ತು ಲಕ್ಷ ಭಾಗಗಳಲ್ಲಿ 300 ಭಾಗ ಬೆರೆತರೆ ಪ್ರಾಣಕ್ಕೇ ಅಪಾಯ. ನೂರಕ್ಕೆ 15ರಿಂದ 28ರಷ್ಟಾದರೆ ಒಂದು ಕಿಡಿಯಿಂದ ಸ್ಫೋಟವಾಗಬಹುದು. ಅಮೋನಿಯಾ ಗಾಳಿಗಿಂತ ಹಗುರವಾದುದು ನಿಜ. ಆದರೂ ಒಡೆದ ಕೊಳವೆಯಿಂದ ದ್ರವವು ಚಿಮ್ಮಿದಾಗ ಶೀತಲ ಮಂಜಾಗಿ ನೆಲವನ್ನೇ ಹಿಡಿದು ಹರಿಯುವುದು. 2020ರ ಆಗಸ್ಟಿನಲ್ಲಿ ನೆರೆಯ ಚಿತ್ತೂರು ಜಿಲ್ಲೆಯ ಒಂದು ಹಾಲಿನ ಕಾರ್ಖಾನೆಯಲ್ಲಿ ಹೀಗೆ ಸೋರಿದ ಅನಿಲದಿಂದ ಅನೇಕ ಕೆಲಸಗಾರರು ಆಸ್ಪತ್ರೆ ಸೇರಬೇಕಾಯಿತು.

ಇಷ್ಟು ಉಗ್ರವಾದುದನ್ನು ಬಿಡಬಾರದೇಕೆ? 1930ರ ಸುಮಾರಿಗೆ ಘಾಟಿಲ್ಲದ, ಉರಿಯದ ಫ್ರಿಯಾನ್ ಬಂದಾಗ ಜನರು ಹಾಗೆಯೇ ಎಣಿಸಿದರು. ಆದರೆ ಆ ಸಾಧು ಅನಿಲವು ಮೇಲಿನ ಓಝೋನ್ ಪದರವನ್ನು ಸವೆಸುತ್ತಿದ್ದುದು ಬಹುಕಾಲ ಯಾರಿಗೂ ತಿಳಿಯಲಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದವು ಅದಕ್ಕೆ ಕಡಿವಾಣ ಹಾಕಿತು. ಓಝೋನನ್ನು ಕೆಡಿಸದ ಅಮೋನಿಯಾ ದೊಡ್ಡ ಶೈತ್ಯಾಗಾರಗಳಲ್ಲಿ ಉಳಿದುಬಂದಿದೆ.

ಅಮೋನಿಯಾ ತನ್ನ ಕೇಡನ್ನು ಮುಚ್ಚಿಡುವುದಿಲ್ಲ. ಹಾನಿಗೆ ಮೊದಲೇ ಮೂಗಿಗೆ ತಿಳಿಸುವುದು. ದಿನವೂ ಅದರ ನಡುವೆ ದುಡಿಯುವವನ ಮೂಗಾದರೋ ಆ ವಾಸನೆಗೆ ಒಗ್ಗಿಹೋಗುವುದು, ಅಪಾಯವಿರುವುದು ಅಲ್ಲಿಯೇ. ಆದುದರಿಂದ ಸೋರಿಕೆಯನ್ನು ಗುರುತಿಸುವ ಯಂತ್ರ, ಮುಖಕವಚ, ಕಣ್ಣು ತೊಳೆಯಲು ಹೇರಳವಾದ ನೀರು, ಗಾಳಿ ಬೀಸಿಬರುವ ಕಡೆಗೆ ತೆರೆದ ದಾರಿ ಇವು ಇರಲೇಬೇಕು. “ಇಲ್ಲಿ ಯಾವಾಗಲೂ ಸ್ವಲ್ಪ ಘಾಟಿರುತ್ತದೆ” ಎಂಬ ಮಾತು ಯಾವ ಕಾರ್ಖಾನೆಯಲ್ಲಿ ಕೇಳಿಬರುವುದೋ, ಅಲ್ಲಿ ಕೊಳವೆಗಳನ್ನು ಅಂದೇ ಪರೀಕ್ಷಿಸತಕ್ಕದ್ದು.